ಸಿಂಗಳೀಕದ ಲೆಕ್ಕ: ಒಂದು ಕಾಡು ಇಡೀ ಜಗತ್ತಿಗೆ ಮುಖ್ಯ ಅಂತ ಹೇಗೆ ತೀರ್ಮಾನ ಮಾಡ್ತಾರೆ?

 

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬಗ್ಗೆ ಎಲ್ಲರೂ ಕೇಳಿರ್ತೀರಿ. 2000 ಮೆಗಾವ್ಯಾಟ್ ಯೋಜನೆ. ಕರೆಂಟ್ ಮಿಕ್ಕಿದಾಗ ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನ ಮೇಲಿನ ತಲಕಳಲೆಗೆ ಪಂಪ್ ಮಾಡೋದು, ಬೇಡಿಕೆ ಏರಿದಾಗ ಅದೇ ನೀರನ್ನ ಕೆಳಗೆ ಬಿಟ್ಟು ಕರೆಂಟ್ ತೆಗೆಯೋದು. ನಡುವೆ ಇರೋದು ಸಿಂಗಳೀಕಗಳ ಕಾಡು. ಈ ಚರ್ಚೆಯಲ್ಲಿ ಒಂದು ಮಾತು ಪದೇ ಪದೇ ಬರುತ್ತೆ: "ಇದು ಜಾಗತಿಕ ಮಹತ್ವದ ಕಾಡು." ಎದುರಿನವರ ಉತ್ತರವೂ ಸಿದ್ಧ ಇರುತ್ತೆ: "ಎಲ್ಲ ಕಾಡೂ ಮುಖ್ಯಾನೇ, ಹಾಗಂತ ಕರೆಂಟ್ ಬೇಡ್ವಾ?"

ನಾನು ಬಿ.ಕಾಂ ಓದಿದವಳು. ಯಾರಾದ್ರೂ 'ಮಹತ್ವ' ಅಂದ ತಕ್ಷಣ ನನ್ನ ಬಾಯಿಗೆ ಬರೋ ಪ್ರಶ್ನೆ ಒಂದೇ: ಎಷ್ಟು? ಯಾವುದರಲ್ಲಿ ಎಷ್ಟು ಪಾಲು? ಜೀವವೈವಿಧ್ಯದ ವಿಷಯದಲ್ಲಿ ಈ ಪ್ರಶ್ನೆಗೆ ಅಂಕಿಯಲ್ಲೇ ಉತ್ತರ ಹೇಳೋ ಒಂದು ಪದ್ಧತಿ ಇದೆ. ಅದರ ಹೆಸರು ಕೀ ಬಯೋಡೈವರ್ಸಿಟಿ ಏರಿಯಾ, ಚಿಕ್ಕದಾಗಿ ಕೆಬಿಎ. ಇವತ್ತು ಅದರ ಲೆಕ್ಕ ಬಿಡಿಸೋಣ.

ಮೊದಲು ಒಂದು ಗೊಂದಲ ತೆಗೆದುಹಾಕ್ಬೇಕು. ಪಶ್ಚಿಮ ಘಟ್ಟ 'ಹಾಟ್‌ಸ್ಪಾಟ್' ಅಂತ ಶಾಲೆಯಲ್ಲೇ ಓದಿದ್ದೀವಿ. 1988ರಲ್ಲಿ ನಾರ್ಮನ್ ಮೈಯರ್ಸ್ ಅನ್ನೋ ಪರಿಸರ ವಿಜ್ಞಾನಿ ಕೊಟ್ಟ ಕಲ್ಪನೆ ಅದು. ಬೇರೆಲ್ಲೂ ಇಲ್ಲದ ಸಸ್ಯ ಪ್ರಭೇದಗಳು ಕನಿಷ್ಠ 1500 ಇರಬೇಕು, ಮೂಲ ಸಸ್ಯಸಂಪತ್ತಿನ ಶೇ 70ರಷ್ಟಾದ್ರೂ ಹೋಗಿರಬೇಕು. ಅಂಥ ಪ್ರದೇಶಗಳು ಜಗತ್ತಿನಲ್ಲಿ 36. ಆದ್ರೆ ಹಾಟ್‌ಸ್ಪಾಟ್ ಅಂದ್ರೆ ಒಂದು ಇಡೀ ಸೀಮೆ. ಅದರೊಳಗೆ ಮಂಗಳೂರಿನ ಹೈವೇನೂ ಬರುತ್ತೆ, ಕೊಡಗಿನ ಕಾಫಿ ತೋಟಾನೂ ಬರುತ್ತೆ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದು ಘಟ್ಟದ 39 ತಾಣಗಳನ್ನ, ಅದರಲ್ಲಿ ನಮ್ಮ ರಾಜ್ಯದ್ದು 10. ಅದು ಸರ್ಕಾರಗಳು ಅರ್ಜಿ ಹಾಕಿ ಪಡೆಯೋ ಮನ್ನಣೆ.

ಕೆಬಿಎ ಇವೆರಡಕ್ಕಿಂತ ಬೇರೆ. ಊರಿನ ಭಾಷೆಯಲ್ಲಿ ಹೇಳೋದಾದ್ರೆ, ಹಾಟ್‌ಸ್ಪಾಟ್ ಒಂದು ಜಿಲ್ಲೆ ಇದ್ದ ಹಾಗೆ. ಕೆಬಿಎ ಅಂದ್ರೆ ಪಹಣಿಯಲ್ಲಿರೋ ಸರ್ವೆ ನಂಬರ್. ಇಂಥ ಗಡಿ, ಇಷ್ಟು ವಿಸ್ತೀರ್ಣ, ಇದರೊಳಗೆ ಇಂಥ ಜೀವಿ ಇಷ್ಟಿದೆ ಅಂತ ದಾಖಲೆ ಬೇಕು. ಒಂದು ಘಟಕವಾಗಿ ನೋಡಿಕೊಳ್ಳೋಕೆ ಸಾಧ್ಯವಾಗೋ ಹಾಗೆ ಗಡಿ ಎಳೀಬೇಕು.

ಇದು ಶುರುವಾಗಿದ್ದು ಹಕ್ಕಿಗಳಿಂದ. ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಅನ್ನೋ ಸಂಸ್ಥೆ ಹಲವು ದಶಕಗಳಿಂದ ಹಕ್ಕಿಗಳ ಮುಖ್ಯ ತಾಣಗಳನ್ನ ಪಟ್ಟಿ ಮಾಡ್ತಾ ಬಂದಿದೆ. ಭಾರತದಲ್ಲಿ ಆ ಕೆಲಸ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯದ್ದು. ಆಮೇಲೆ ಸಸ್ಯಗಳಿಗೆ ಒಂದು ಪಟ್ಟಿ ಬಂತು. ಇನ್ನೊಂದು ಕಡೆ, ಒಂದೇ ಒಂದು ಜಾಗದಲ್ಲಿ ಉಳಿದಿರೋ ಜೀವಿಗಳ ಪಟ್ಟಿ. 2005ರಲ್ಲಿ ಪ್ರಕಟವಾದ ಅದರಲ್ಲಿ 794 ಪ್ರಭೇದಗಳು, 595 ಜಾಗಗಳು. ಆ ಒಂದು ಜಾಗ ಹೋದ್ರೆ ಪ್ರಭೇದವೇ ಹೋಯ್ತು. ಹೀಗೆ ಒಬ್ಬೊಬ್ಬರದು ಒಂದೊಂದು ಅಳತೆ ಆದಾಗ 2004ರ ಬ್ಯಾಂಕಾಕ್ ಸಮಾವೇಶದಲ್ಲಿ ಐಯುಸಿಎನ್ ಸದಸ್ಯರು, ಎಲ್ಲಕ್ಕೂ ಒಂದೇ ಮಾನದಂಡ ಮಾಡಿ ಅಂದ್ರು. ಮಾಡೋಕೆ ಹನ್ನೆರಡು ವರ್ಷ ಹಿಡೀತು. 2016ರಲ್ಲಿ ಹೊರಬಂತು. ಈಗ ಜಗತ್ತಿನಾದ್ಯಂತ 16,000ಕ್ಕೂ ಹೆಚ್ಚು ಕೆಬಿಎಗಳಿವೆ.

ಮಾನದಂಡಗಳು ಒಟ್ಟು 11. ಎಲ್ಲಾನೂ ಹೇಳಿ ತಲೆ ತಿನ್ನಲ್ಲ. ಅಪಾಯದಲ್ಲಿರೋ ಜೀವಿಗಳು, ಸಣ್ಣ ಪ್ರದೇಶಕ್ಕೆ ಸೀಮಿತವಾದವು, ಮನುಷ್ಯನ ಕೈ ಹೆಚ್ಚು ತಾಗದೆ ಇಡಿಯಾಗಿ ಉಳಿದ ಪರಿಸರ, ಜೀವಿಗಳು ಗುಂಪುಗೂಡೋ ಜಾಗ, ಇದು ಹೋದ್ರೆ ಬದಲಿ ಇಲ್ಲ ಅನ್ನೋ ಜಾಗ, ಹೀಗೆ ಐದು ಗುಂಪು. ಯಾವುದಾದ್ರೂ ಒಂದರಲ್ಲಿ ಪಾಸಾದ್ರೆ ಸಾಕು. ಸಿಂಗಳೀಕದ ಮೇಲೆ ಹಾಕಿ ನೋಡಿದ್ರೆ ಬೇಗ ಅರ್ಥ ಆಗುತ್ತೆ.

ಸಿಂಗಳೀಕ ಇರೋದು ಕರ್ನಾಟಕ, ಕೇರಳ, ತಮಿಳುನಾಡಿನ ಪಶ್ಚಿಮ ಘಟ್ಟದಲ್ಲಿ ಮಾತ್ರ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಪ್ರಾಣಿ. ಕಾಡಿನಲ್ಲಿ ಉಳಿದಿರೋದು ಅಂದಾಜು 4000, ಅದರಲ್ಲಿ ಮರಿ ಹಾಕುವ ವಯಸ್ಸಿನವು 2500ಕ್ಕಿಂತ ಕಡಿಮೆ. ಕೆಬಿಎ ಲೆಕ್ಕಕ್ಕೆ ಬೇಕಾಗಿರೋದು ಈ ಎರಡನೇ ಅಂಕಿ, ಯಾಕಂದ್ರೆ ನಾಳಿನ ಸಂತತಿ ಬರೋದು ಅವುಗಳಿಂದ.

ಅಳಿವಿನಂಚಿನ ಪ್ರಾಣಿಗೆ ನಿಯಮ ಏನಂದ್ರೆ, ಜಗತ್ತಿನ ಒಟ್ಟು ಸಂಖ್ಯೆಯ ಕನಿಷ್ಠ ಶೇ 0.5ರಷ್ಟು ಆ ಜಾಗದಲ್ಲಿರಬೇಕು. ಜೊತೆಗೆ ಸಂತಾನ ಮುಂದುವರಿಸಬಲ್ಲ ಕನಿಷ್ಠ ಐದು ಘಟಕ ಇರಬೇಕು. ಜೋಡಿಯಾಗಿ ಬದುಕೋ ಪ್ರಾಣಿಯಾದ್ರೆ ಐದು ಜೋಡಿ ಅಂದುಕೊಳ್ಳಿ. 2500ರ ಶೇ 0.5 ಅಂದ್ರೆ ಎಷ್ಟು? ಹನ್ನೆರಡೂವರೆ. ಹದಿಮೂರು ಬೆಳೆದ ಸಿಂಗಳೀಕ ಇದ್ರೆ ಮೊದಲ ಗೆರೆ ದಾಟಿದ ಹಾಗೆ.

ಈಗ ಉತ್ತರ ಕನ್ನಡಕ್ಕೆ ಬನ್ನಿ. ಸಿದ್ದಾಪುರ, ಶಿರಸಿ, ಹೊನ್ನಾವರದ ಘಟ್ಟದ ಕಾಡುಗಳು ಸಿಂಗಳೀಕದ ನೆಲೆಯ ಉತ್ತರದ ತುದಿ. ಅಲ್ಲಿ ಇಷ್ಟೊಂದು ಇರಬಹುದು ಅಂತ ಬಹುಕಾಲ ಯಾರೂ ಲೆಕ್ಕಕ್ಕೆ ತಗೊಂಡಿರಲಿಲ್ಲ. 2000ದ ನಂತರದ ವರ್ಷಗಳಲ್ಲಿ ಎಚ್.ಎನ್. ಕುಮಾರ ಮತ್ತು ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಕಾಡು ನಡೆದು ಗುಂಪು ಎಣಿಸಿದ್ರು. ಸಿಕ್ಕಿದ್ದು ಮೂವತ್ತಕ್ಕೂ ಹೆಚ್ಚು ಗುಂಪು, ಆರುನೂರಕ್ಕೂ ಹೆಚ್ಚು ಸಿಂಗಳೀಕ. ಮರಿ, ದೊಡ್ಡದು ಎಲ್ಲ ಸೇರಿಸಿದ 4000ಕ್ಕೆ ಹೋಲಿಸಿದ್ರೂ ಇದು ಹತ್ತಿರ ಹತ್ತಿರ ಶೇ 15. ಬೇಕಾಗಿದ್ದು 0.5! ಸೀಮಿತ ನೆಲೆಯ ಜೀವಿಗಳಿಗೆ ಶೇ 10ರ ಇನ್ನೊಂದು ಗೆರೆ ಇದೆ, ಅದನ್ನೂ ದಾಟುತ್ತೆ. ಈ ಎಣಿಕೆ ಬರೀ ಜರ್ನಲ್‌ನಲ್ಲಿ ಕೂರಲಿಲ್ಲ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆ ಆಯ್ತು. 2019ರಲ್ಲಿ ಅದೂ, ಶರಾವತಿ ಕಣಿವೆಯ ಅಭಯಾರಣ್ಯವೂ, ನಡುವಿನ ಕಾಡುಗಳೂ ಸೇರಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಆಯ್ತು.

ಹಾಗಾದ್ರೆ ಕೆಬಿಎ ಅಂದ್ರೆ ದಟ್ಟ ಕಾಡೇ ಆಗಿರಬೇಕಾ? ಇಲ್ಲ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ನೋಡಿ. ಬಯಲುಸೀಮೆಯ ಕೆರೆ, ಸುತ್ತ ಹೊಲ. ಚಳಿಗಾಲದಲ್ಲಿ ಪಟ್ಟೆ ತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಸಾವಿರಗಟ್ಟಲೆ ಬಂದಿಳೀತವೆ. ಈ ಹಕ್ಕಿ ಅಳಿವಿನಂಚಿನಲ್ಲಿಲ್ಲ, ಮೊಟ್ಟೆ ಇಡೋದೂ ಇಲ್ಲಲ್ಲ. ಆದ್ರೂ ನಿಯಮದಲ್ಲಿ ಜಾಗ ಇದೆ: ಪ್ರಭೇದವೊಂದರ ಜಾಗತಿಕ ಸಂಖ್ಯೆಯ ಶೇ 1ರಷ್ಟು ಪ್ರತಿ ವರ್ಷ ಒಂದು ಕಡೆ ಗುಂಪುಗೂಡಿದ್ರೆ ಆ ಜಾಗ ಅರ್ಹ. ಹೆಬ್ಬಾತುಗಳ ಒಟ್ಟು ಸಂಖ್ಯೆ ಸುಮಾರು ಒಂದು ಲಕ್ಷ ಅಂತಿಟ್ಟುಕೊಂಡ್ರೆ ಸಾವಿರ ಹಕ್ಕಿ ಸಾಕು. ರಾಮ್ಸಾರ್ ಒಪ್ಪಂದದಲ್ಲೂ ನೀರುಹಕ್ಕಿಗಳಿಗೆ ಇದೇ ಶೇ 1ರ ಅಳತೆ ಇದೆ. ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು.

ಲೆಕ್ಕ ಕಠೋರವಾಗೋದು ದೊರವಾಯನ ಹಕ್ಕಿಯ ವಿಷಯದಲ್ಲಿ. ಎರೆಭೂತ ಅಂತಲೂ ಕರೀತಾರೆ, ಇಂಗ್ಲಿಷ್‌ನ ಗ್ರೇಟ್ ಇಂಡಿಯನ್ ಬಸ್ಟರ್ಡ್. ಜಗತ್ತಿನಲ್ಲಿ ಉಳಿದಿರೋದು 150ರ ಆಸುಪಾಸು ಅಥವಾ ಇನ್ನೂ ಕಡಿಮೆ, ಬಹುಪಾಲು ರಾಜಸ್ಥಾನದಲ್ಲಿ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಾಣಿಸಿಕೊಂಡಿವೆ. 150ರ ಶೇ 0.5 ಅಂದ್ರೆ ಒಂದು ಹಕ್ಕೀನೂ ಇಲ್ಲ, ಮುಕ್ಕಾಲು! ಆ ಗೆರೆ ದಾಟೋದು ಸುಲಭ. ಆದ್ರೆ ಐದು ಘಟಕದ ನಿಯಮ ಇದೆಯಲ್ಲ, ಅದಕ್ಕೆ ಬೆಳೆದ ಹಕ್ಕಿಗಳು ಬೇಕು, ಗಂಡು ಹೆಣ್ಣು ಎರಡೂ. ಅಷ್ಟಿಲ್ಲದಿದ್ರೆ ಈ ಮಾನದಂಡದಲ್ಲಿ ಫೇಲ್.

ದಾರಿ ತಪ್ಪಿ ಬಂದ ಒಂಟಿ ಹಕ್ಕಿಯನ್ನ ನೋಡಿ ಜಾಗಕ್ಕೆ ಪಟ್ಟ ಕಟ್ಟಬಾರದು ಅನ್ನೋದು ನಿಯಮ ಮಾಡಿದವರ ವಾದ. ತರ್ಕ ಸರಿ. ಆದ್ರೆ ನಮಗೆ ಅದು ರಾಜ್ಯದ ಕೊನೆಯ ನೆಲೆ. ಜಾಗತಿಕ ಗೆರೆಗಿಂತ ಕೆಳಗಿದೆ ಅಂದ ಮಾತ್ರಕ್ಕೆ ಕೈಬಿಡಬಹುದು ಅಂತ ಯಾವ ನಿಯಮಾನೂ ಹೇಳಲ್ಲ. ಆದ್ರೆ ಫೈಲ್ ನೋಡೋ ಅಧಿಕಾರಿಗೆ 'ಪಟ್ಟಿಯಲ್ಲಿಲ್ಲ' ಅನ್ನೋದು ಬಹಳ ಅನುಕೂಲದ ಮಾತು. ಇಂಥ ಪಟ್ಟಿಗಳ ಬಗ್ಗೆ ನನಗಿರೋ ದೊಡ್ಡ ತಕರಾರು ಇದು.

ಇನ್ನೊಂದು ತಕರಾರೂ ಇದೆ. ಇಲ್ಲಿವರೆಗಿನ ಕೆಬಿಎಗಳಲ್ಲಿ ಬಹುಪಾಲು ಹಕ್ಕಿಗಳ ಕಾರಣಕ್ಕೆ ಗುರುತಾದವು. ಹಕ್ಕಿಗಳೇ ಹೆಚ್ಚು ಮುಖ್ಯ ಅಂತಲ್ಲ, ಬೈನಾಕ್ಯುಲರ್ ಹಿಡಿದು ಹೋಗೋ ಜನ ಹೆಚ್ಚು, ಅಷ್ಟೇ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಹೆಸರು ಕೇಳಿದ್ದೀರಾ? ಅಲ್ಲಿ ರಾಮಪತ್ರೆ ಜಾತಿಯ ಮರಗಳ ಜೌಗು ಕಾಡಿದೆ, ಬೇರುಗಳು ಕೆಸರಿನಿಂದ ಮೊಣಕಾಲು ಮಡಚಿದ ಹಾಗೆ ಮೇಲೆದ್ದಿರ್ತವೆ. ಅಲ್ಲೊಂದು ಮರವನ್ನ ವಿಜ್ಞಾನ ಹೊಸ ಪ್ರಭೇದ ಅಂತ ಗುರುತಿಸಿದ್ದು 2000ದಲ್ಲಿ. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಕಾಡಿನ ಹೆಸರನ್ನೇ ಇಟ್ರು. ಗೇರು ಮರದ ಕುಟುಂಬದ್ದು, ಗೊತ್ತಿರೋ ಮರಗಳು ಬಹಳ ಕಡಿಮೆ. 1999ರಲ್ಲಿ ಯಾರಾದ್ರೂ ಕತ್ತಲೆಕಾನಿಗೆ ಅಂಕ ಹಾಕಿದ್ರೆ ಈ ಮರದ ಕಾಲಂ ಇರ್ತಿರಲಿಲ್ಲ. ಅಂಗಡಿ ಗೋಡೌನ್‌ನಲ್ಲಿ ಸರಕಿದೆ, ಸ್ಟಾಕ್ ಬುಕ್‌ನಲ್ಲಿ ಎಂಟ್ರಿ ಇಲ್ಲ, ಹಾಗೆ.

ಸರಿ, ಕೆಬಿಎ ಆದ್ರೆ ಏನು ಸಿಗುತ್ತೆ? ಕಾನೂನಿನ ರಕ್ಷಣೆ ಸಿಗಲ್ಲ. ಅಭಯಾರಣ್ಯ ಆಗೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ. ಕೆಬಿಎ ಹೇಳೋದು 'ಇಲ್ಲಿ ಇದು ಇದೆ' ಅಂತ ಮಾತ್ರ. ಜಗತ್ತಿನ ಸರಾಸರಿ ತಗೊಂಡ್ರೆ ಒಂದು ಕೆಬಿಎಯ ಅರ್ಧಕ್ಕಿಂತ ಕಡಿಮೆ ಭಾಗ ಸಂರಕ್ಷಿತ ಪ್ರದೇಶದೊಳಗಿದೆ.

ಆದ್ರೂ ಎರಡು ಕಡೆ ಇದಕ್ಕೆ ಹಲ್ಲಿದೆ. ಒಂದು, 2022ರ ಕುನ್‌ಮಿಂಗ್-ಮಾಂಟ್ರಿಯಲ್ ಒಪ್ಪಂದ. 2030ರೊಳಗೆ ಭೂಮಿಯ ಶೇ 30ರಷ್ಟನ್ನ ಸಂರಕ್ಷಣೆಗೆ ತರಬೇಕು ಅಂತ ದೇಶಗಳು ಒಪ್ಪಿವೆ. ಯಾವ 30? ಯಾವುದಾದ್ರೂ ಆಗುತ್ತೆ ಅಂದ್ರೆ ಯಾವ ಸರ್ಕಾರ ಆದ್ರೂ ಯಾರಿಗೂ ಬೇಡದ ಬಂಡೆ, ಮರಳು, ಹಿಮ ತೋರಿಸಿ ಟಾರ್ಗೆಟ್ ಮುಗಿಸಬಹುದು. ಅದಕ್ಕೇ ಜೀವವೈವಿಧ್ಯಕ್ಕೆ ವಿಶೇಷ ಮಹತ್ವದ ಪ್ರದೇಶಗಳು ಅದರೊಳಗೆ ಬರಬೇಕು ಅಂತ ಬರೆದಿದ್ದಾರೆ. ಎರಡನೆಯದು ನನ್ನ ಇಷ್ಟದ ಜಾಗ, ಬ್ಯಾಂಕ್. ವಿಶ್ವಬ್ಯಾಂಕ್ ಗುಂಪಿನ ಐಎಫ್‌ಸಿ ಸಾಲ ಕೊಡೋ ಮುಂಚೆ ಅಲ್ಲಿ ನಿರ್ಣಾಯಕ ಆವಾಸ ಇದೆಯಾ ಅಂತ ನೋಡುತ್ತೆ. ಇದ್ರೆ ಷರತ್ತು ಬಿಗಿ: ಬೇರೆ ಜಾಗ ಸಾಧ್ಯವಿಲ್ಲ ಅಂತ ತೋರಿಸಬೇಕು, ಆ ಜೀವಿಗೆ ಒಟ್ಟಾರೆ ಲಾಭ ಆಗೋ ಹಾಗೆ ಮಾಡಬೇಕು. ದೊಡ್ಡ ದೊಡ್ಡ ಖಾಸಗಿ ಬ್ಯಾಂಕ್‌ಗಳೂ ಇದನ್ನೇ ಅನುಸರಿಸ್ತವೆ. ಆ ಪರಿಶೀಲನೆಯಲ್ಲಿ ಮೊದಲು ತೆರೆಯೋ ನಕ್ಷೆಗಳಲ್ಲಿ ಕೆಬಿಎಯದ್ದೂ ಒಂದು. ಆದ್ರೆ ದೇಶದೊಳಗಿನ ದುಡ್ಡಲ್ಲೇ ಕಟ್ಟೋ ಯೋಜನೆಗೆ ಈ ಷರತ್ತು ತಾನಾಗಿ ಅನ್ವಯ ಆಗಲ್ಲ, ಅದು ನೆನಪಿರಲಿ.

ಕೆಬಿಎಗೆ ಪ್ರಸ್ತಾವ ಸಲ್ಲಿಸೋಕೆ ವಿಜ್ಞಾನಿಯೇ ಆಗಿರಬೇಕು ಅಂತಿಲ್ಲ. ಸರಿಯಾದ ದತ್ತಾಂಶ ಇರೋ ಯಾರೇ ಆದ್ರೂ ಸಲ್ಲಿಸಬಹುದು, ಆಮೇಲೆ ತಜ್ಞರು ಪರಿಶೀಲಿಸ್ತಾರೆ. ಒಮ್ಮೆ ಗುರುತಾದ ಜಾಗಕ್ಕೂ ಎಂಟರಿಂದ ಹನ್ನೆರಡು ವರ್ಷಕ್ಕೊಮ್ಮೆ ಮರುಪರಿಶೀಲನೆ ಇದೆ. ನಿಮ್ಮ ಫೋನಿನಲ್ಲಿರೋ ಇ-ಬರ್ಡ್, ಐ-ನ್ಯಾಚುರಲಿಸ್ಟ್ ಆ್ಯಪ್‌ಗಳ ದಾಖಲೆಗಳೂ ಇಂಥ ಕೆಲಸಕ್ಕೆ ಬರ್ತವೆ. ನಿಮ್ಮೂರ ಕೆರೆಯಲ್ಲಿ ಐದು ಚಳಿಗಾಲ ಬಿಡದೆ ಎಣಿಸಿದ ಪಟ್ಟಿಗೆ, ಒಂದು ಚಂದದ ರೀಲ್ಸ್‌ಗಿಂತ ಬೆಲೆ ಜಾಸ್ತಿ.

ಶರಾವತಿಯ ಮಾತು ಮುಗಿಸ್ತೀನಿ. ಸಿಂಗಳೀಕ ನೆಲಕ್ಕಿಳಿಯೋದು ಅಪರೂಪ, ಮರದಿಂದ ಮರಕ್ಕೆ ಹಾದಿ. ಹಾಗಾಗಿ ಎಷ್ಟು ಎಕರೆ ಕಾಡು ಹೋಗುತ್ತೆ ಅನ್ನೋ ಅಂಕಿ ಅರ್ಧ ಮಾತ್ರ ಹೇಳುತ್ತೆ. ಅಗಲವಾದ ಒಂದು ರಸ್ತೆ ತುಂಬಾ ಎಕರೆ ತಿನ್ನಲ್ಲ, ಆದ್ರೆ ಮೇಲಿನ ಕೊಂಬೆಗಳ ಸೇತುವೆ ಕಡಿದ್ರೆ ಒಂದು ಗುಂಪು ಈಚೆ, ಒಂದು ಗುಂಪು ಆಚೆ. ಯೋಜನೆಯ ಸುದ್ದಿ ಬಂದಾಗ ಎಕರೆ ಜೊತೆಗೆ ಇದನ್ನೂ ಹುಡುಕಿ: ಆ ಜಾಗದಲ್ಲಿ ಸಿಂಗಳೀಕದ ಎಷ್ಟು ಗುಂಪುಗಳಿವೆ, ಕೆಲಸ ಮುಗಿದ ಮೇಲೆ ಅವುಗಳ ನಡುವೆ ಮರದ ದಾರಿ ಉಳಿಯುತ್ತಾ?

ಮುಂದಿನ ಎಪಿಸೋಡ್‌ನಲ್ಲಿ ಎದುರು ಪಕ್ಷದ ಲೆಕ್ಕ: ಪಂಪ್ಡ್ ಸ್ಟೋರೇಜ್‌ನಿಂದ ನಿಜಕ್ಕೂ ಎಷ್ಟು ಕರೆಂಟ್ ಉಳಿಯುತ್ತೆ, ಅದರ ಯೂನಿಟ್ ಬೆಲೆ ಎಷ್ಟು ಬೀಳುತ್ತೆ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಸಿಗೋಣ.