ಹಚ್ಚೆಯ ಗಾಯ

ದೇಹವನ್ನು ಅಲಂಕರಿಸಿಕೊಳ್ಳಬೇಕೆಂಬ ಹಂಬಲ ಮಾನವನಲ್ಲಿ ಬಹು ಪ್ರಾಚೀನವಾದುದು. ಒಡವೆಗಳನ್ನು ತೆಗೆದಿರಿಸಬಹುದು, ವಸ್ತ್ರಗಳನ್ನು ಬದಲಿಸಬಹುದು. ಹಚ್ಚೆಯಾದರೋ ಒಮ್ಮೆ ಮೂಡಿತೆಂದರೆ ದೇಹದೊಡನೆಯೇ ಉಳಿಯುತ್ತದೆ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸುಮಾರು 5300 ವರ್ಷಗಳ ಹಿಂದಿನ ಮನುಷ್ಯನೊಬ್ಬನ ದೇಹ ದೊರೆಯಿತು. ಅದರ ಮೇಲೆ 61 ಹಚ್ಚೆಯ ಗುರುತುಗಳು ಇಂದಿಗೂ ಕಾಣುತ್ತವೆ.

ಕನ್ನಡ ನಾಡಿಗೂ ಈ ಕಲೆ ಹೊಸದಲ್ಲ. ಹಳಗನ್ನಡದ ‘ಪಾಲ್’ ಎಂಬುದು ‘ಹಾಲು’ ಆದಂತೆ, ಹಸಿರು ಎಂಬ ಅರ್ಥದ ‘ಪಚ್ಚೆ’ಯೇ ‘ಹಚ್ಚೆ’ಯಾಗಿರಬೇಕು. ಜಾತ್ರೆಗಳಲ್ಲಿಯೂ ಹಳ್ಳಿಯ ಜಗಲಿಗಳಲ್ಲಿಯೂ ಕೊರವಂಜಿಯರು ಹಾಡು ಹೇಳುತ್ತ, ದೀಪದ ಕಪ್ಪನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಗಳಿಂದ ಹೆಣ್ಣುಮಕ್ಕಳ ಕೈಗೆ ಹಚ್ಚೆ ಹೊಯ್ಯುತ್ತಿದ್ದರು. ತುಳಸಿಕಟ್ಟೆ, ತೊಟ್ಟಿಲು, ಚೇಳು ಮೊದಲಾದ ಚಿತ್ರಗಳು ಹೀಗೆ ಮೂಡುತ್ತಿದ್ದವು. ಸತ್ತ ಮೇಲೆ ಜೊತೆಯಲ್ಲಿ ಬರುವ ಒಡವೆ ಹಚ್ಚೆಯೊಂದೇ ಎಂಬ ನಂಬಿಕೆಯೂ ಜನರಲ್ಲಿತ್ತು.

1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಒ’ರೈಲಿ ಎಂಬಾತನು ಹಚ್ಚೆ ಹಾಕುವ ವಿದ್ಯುತ್ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಇಂದು ಬೆಂಗಳೂರಿನಲ್ಲಿ ‘ಟ್ಯಾಟೂ’ ಎಂಬ ಹೆಸರಿನಿಂದ ನಡೆಯುತ್ತಿರುವುದು ಇಂತಹ ಯಂತ್ರಗಳ ಕೆಲಸವೇ. ನಗರದ ಪಶ್ಚಿಮಕ್ಕಿರುವ ಶ್ರೀಗಂಧದ ಕಾವಲ್, ಕೆಂಗೇರಿ ಮುಂತಾದೆಡೆಗಳಲ್ಲಿ ಅಜ್ಜಿಯ ಮುಂಗೈಯಲ್ಲಿ ಕೊರವಂಜಿಯ ಹಚ್ಚೆಯೂ ಮೊಮ್ಮಗನ ತೋಳಿನಲ್ಲಿ ಯಂತ್ರದ ಹಚ್ಚೆಯೂ ಇರುವ ಮನೆಗಳು ಇದ್ದರೆ ಆಶ್ಚರ್ಯವಿಲ್ಲ. ಸಾಧನ ಬದಲಾಗಿದೆ, ಚರ್ಮ ಬದಲಾಗಿಲ್ಲ. ಸೂಜಿ ಯಾವುದೇ ಆಗಲಿ, ಹೊಸ ಹಚ್ಚೆ ಎಂಬುದು ಮೊದಲಿಗೆ ಒಂದು ಹಸಿಗಾಯ.

ಚರ್ಮದಲ್ಲಿ ಹೊರಚರ್ಮ, ಒಳಚರ್ಮ ಎಂಬ ಎರಡು ಮುಖ್ಯ ಪದರಗಳಿವೆ. ಹೊರಚರ್ಮದ ಜೀವಕೋಶಗಳು ಸದಾ ಉದುರುತ್ತಿರುತ್ತವೆ. ಕೆಲವು ವಾರಗಳಲ್ಲಿ ಅದು ಪೂರ್ಣವಾಗಿ ಹೊಸದಾಗುತ್ತದೆ. ಬಣ್ಣ ಅಲ್ಲಿಯೇ ನಿಂತಿದ್ದರೆ ಹಚ್ಚೆಯೂ ಬೇಗನೆ ಅಳಿಸಿಹೋಗುತ್ತಿತ್ತು. ಆದುದರಿಂದ ಸೂಜಿಯು ಹೊರಚರ್ಮವನ್ನು ದಾಟಿ, ಒಂದೆರಡು ಮಿಲಿಮೀಟರ್ ಆಳದ ಒಳಚರ್ಮದಲ್ಲಿ ಬಣ್ಣವನ್ನು ಇಳಿಸುತ್ತದೆ. ಅನ್ಯವಸ್ತುವೊಂದು ಒಳಹೊಕ್ಕಿತೆಂದು ಅರಿತ ದೇಹದ ಭಕ್ಷಕ ಕೋಶಗಳು ಧಾವಿಸಿ ಬಂದು ಬಣ್ಣದ ಕಣಗಳನ್ನು ನುಂಗುತ್ತವೆ. ನುಂಗಿದುದನ್ನು ಅರಗಿಸಿಕೊಳ್ಳಲಾರದೆ ಅಲ್ಲಿಯೇ ಉಳಿಯುತ್ತವೆ. ಅವು ಸತ್ತಾಗ ಹೊರಬೀಳುವ ಬಣ್ಣವನ್ನು ಹೊಸ ಕೋಶಗಳು ನುಂಗುತ್ತವೆಂಬುದನ್ನು ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿ 2018ರಲ್ಲಿ ಪ್ರಕಟಿಸಿದರು. ದೇಹದ ಕಾವಲುಗಾರರೇ ಹಚ್ಚೆಯನ್ನು ಹಿಡಿದಿಟ್ಟಿದ್ದಾರೆ ಎಂದಂತಾಯಿತು. ಒಳಗಿರುವ ಕಪ್ಪು ಬಣ್ಣವು ಬೆಳಕಿನ ಚದುರುವಿಕೆಯಿಂದ ಹೊರಗೆ ನೀಲಿಯಾಗಿಯೋ ಹಸಿರಾಗಿಯೋ ತೋರುತ್ತದೆ.

ಹಚ್ಚೆಯ ಗಾಯ ಹಂತಹಂತವಾಗಿ ಮಾಯುತ್ತದೆ. ಮೊದಲ ಕೆಲವು ದಿನ ಆ ಭಾಗ ಕೆಂಪಾಗಿ ಸ್ವಲ್ಪ ಊದಿಕೊಳ್ಳುತ್ತದೆ. ತೆಳುವಾದ ನೀರು ಒಸರುತ್ತದೆ. ಬಳಿಕ ಹಕ್ಕಳೆ ಕಟ್ಟಿ ನವೆ ಆರಂಭವಾಗುತ್ತದೆ. ಎರಡರಿಂದ ನಾಲ್ಕು ವಾರಗಳಲ್ಲಿ ಮೇಲ್ಮೈ ಮಾಯುವುದು ವಾಡಿಕೆ. ಒಳಭಾಗ ಪೂರ್ಣವಾಗಿ ಸರಿಹೋಗಲು ಕೆಲವು ತಿಂಗಳುಗಳೇ ಬೇಕಾಗಬಹುದು.

ಈ ಅವಧಿಯಲ್ಲಿ ಆರೈಕೆಯ ಮೊದಲ ಸೂತ್ರ ಶುಚಿತ್ವ. ಗಾಯವನ್ನು ಮುಟ್ಟುವ ಮುನ್ನ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಸುವಾಸನೆಯಿಲ್ಲದ ಸೌಮ್ಯವಾದ ಸಾಬೂನು ಹಾಗೂ ಶುದ್ಧ ನೀರಿನಿಂದ ಗಾಯವನ್ನು ಮೃದುವಾಗಿ ತೊಳೆದು, ಉಜ್ಜದೆ, ಶುಭ್ರವಾದ ಬಟ್ಟೆಯಿಂದ ಒತ್ತಿ ಒರೆಸಬೇಕು. ಚರ್ಮ ಬಿರಿಯದಂತೆ ವೈದ್ಯರು ಒಪ್ಪುವ ಮುಲಾಮನ್ನು ತೆಳುವಾಗಿ ಸವರಬೇಕು. ದಪ್ಪನಾಗಿ ಬಳಿದರೆ ಗಾಯ ಒದ್ದೆಯಾಗಿಯೇ ಉಳಿಯುತ್ತದೆ. ಹಕ್ಕಳೆಯನ್ನು ಕೀಳಬಾರದು, ನವೆಯಾದರೂ ಕೆರೆಯಬಾರದು. ಕಿತ್ತರೆ ಬಣ್ಣವೂ ಕಿತ್ತುಬಂದು, ಉಗುರಿನ ಕೊಳೆ ಗಾಯವನ್ನು ಸೇರುತ್ತದೆ. ಗಾಯ ಮಾಯುವವರೆಗೆ ಕೆರೆ, ಬಾವಿ, ಈಜುಕೊಳಗಳಲ್ಲಿ ಇಳಿಯಬಾರದು. ಸಡಿಲವಾದ ಹತ್ತಿಯ ಉಡುಪು ಧರಿಸಿ, ಸುಡುಬಿಸಿಲಿನಿಂದ ದೂರವಿರಬೇಕು.

ಮನೆಮದ್ದಿನ ವಿಷಯದಲ್ಲಿ ಎಚ್ಚರ ಅಗತ್ಯ. ಹಿಂದಿನವರು ಹಸಿಗಾಯಕ್ಕೆ ಅರಿಸಿನ ಬಳಿಯುತ್ತಿದ್ದರು. ಶ್ರೀಗಂಧದ ಹೆಸರನ್ನೇ ಹೊತ್ತ ಊರಿನಲ್ಲಿ, ಗಂಧ ತೇಯ್ದು ಹಚ್ಚಿದರೆ ಉರಿ ತಣಿದೀತು ಎಂದು ಯಾರಿಗಾದರೂ ತೋರಬಹುದು. ಆದರೆ ಪುಡಿಯಲ್ಲಿಯೂ ಸಾಣೆಕಲ್ಲಿನಲ್ಲಿಯೂ ಕಣ್ಣಿಗೆ ಕಾಣದ ರೋಗಾಣುಗಳಿರಬಹುದು. ಮಾಯ್ದ ಚರ್ಮಕ್ಕೆ ಹಿತವಾದುದೆಲ್ಲ ತೆರೆದ ಗಾಯಕ್ಕೆ ಹಿತವಲ್ಲ. ದಿನ ಕಳೆದಂತೆ ನೋವು ತಗ್ಗಬೇಕು. ಅದಕ್ಕೆ ಬದಲು ಹೆಚ್ಚಿದರೆ, ಕೆಂಪು ಹರಡಿದರೆ, ಕೀವು ತುಂಬಿದರೆ, ಜ್ವರ ಬಂದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಮಧುಮೇಹವುಳ್ಳವರೂ, ಗಾಯದ ಕಲೆ ಉಬ್ಬಿ ಬೆಳೆಯುವ ಸ್ವಭಾವದವರೂ ಹಚ್ಚೆಗೆ ಮೊದಲೇ ವೈದ್ಯರನ್ನು ಕೇಳುವುದು ಲೇಸು.

ಆದರೆ ಯಾವ ಆರೈಕೆಯಿಂದಲೂ ತೊಳೆಯಲಾಗದ ಅಪಾಯವೊಂದಿದೆ. ಒಬ್ಬರಿಗೆ ಬಳಸಿದ ಸೂಜಿಯನ್ನೇ ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್.ಐ.ವಿ. ಮುಂತಾದ ಸೋಂಕುಗಳು ರಕ್ತದ ಮೂಲಕ ಹರಡಬಹುದು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ, ಒಣಗಿದ ರಕ್ತದಲ್ಲಿಯೂ ಏಳು ದಿನ ಬದುಕಿರಬಲ್ಲದು. ಸೂಜಿ ಒರೆಸಿದಂತೆ ಕಂಡ ಮಾತ್ರಕ್ಕೆ ಶುದ್ಧವಾಗಲಿಲ್ಲ. ಪ್ರತಿಯೊಬ್ಬರಿಗೂ ಹೊಸ ಸೂಜಿ, ಹೊಸ ಬಣ್ಣದ ಬಟ್ಟಲು, ಹೊಸ ಕೈಗವಸು ಇರಲೇಬೇಕು. ಈ ಕಾರಣದಿಂದಲೇ ಭಾರತದ ರಕ್ತನಿಧಿಗಳ ಮಾರ್ಗಸೂಚಿಯು ಹಚ್ಚೆ ಹಾಕಿಸಿಕೊಂಡವರು ರಕ್ತದಾನಕ್ಕೆ ಒಂದು ವರ್ಷ ಕಾಯಬೇಕೆಂದು ವಿಧಿಸಿದೆ.

ಹಚ್ಚೆ ಹಾಕಲು ಬೇಕಾದುದು ಕೆಲವು ಗಳಿಗೆ, ಅದು ಮಾಯಲು ಕೆಲವು ವಾರ, ಅದರೊಡನೆ ಬಾಳಬೇಕಾದುದು ಜೀವಮಾನವಿಡೀ. ಗೆಳೆಯರ ಒತ್ತಾಯಕ್ಕೋ ಜಾತ್ರೆಯ ಉತ್ಸಾಹಕ್ಕೋ ಮಣಿದು ಕೈ ನೀಡುವುದಕ್ಕಿಂತ, ಪ್ರಾಯ ತುಂಬುವವರೆಗೆ ಕಾದು, ಹಿರಿಯರೊಡನೆ ಆಲೋಚಿಸಿ ನಿರ್ಧರಿಸುವುದು ವಿವೇಕ. ಗಾಯವನ್ನು ಮಾಯಿಸುವ ಶಕ್ತಿ ದೇಹಕ್ಕೆ ಸಹಜವಾಗಿಯೇ ಇದೆ. ಆ ಕೆಲಸಕ್ಕೆ ಅಡ್ಡಿಪಡಿಸದೆ, ಶುಚಿತ್ವದಿಂದಲೂ ತಾಳ್ಮೆಯಿಂದಲೂ ಸಹಕರಿಸುವುದೇ ಮನುಷ್ಯನು ಮಾಡಬಹುದಾದ ಆರೈಕೆ.