ಯುಪಿಐ ಮೂಲಕ ಹಣ ಪಡೆಯುವ ಸಣ್ಣ ವರ್ತಕರ ಗಮನಕ್ಕೆ: ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ ಕ್ರಮಗಳು

1. ಪೀಠಿಕೆ

ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2016ರ ಏಪ್ರಿಲ್ ತಿಂಗಳಲ್ಲಿ ಯುಪಿಐ ಎಂಬ ಏಕೀಕೃತ ಪಾವತಿ ವ್ಯವಸ್ಥೆಯನ್ನು ಆರಂಭಿಸಿತು. ಇಂದು ಈ ವ್ಯವಸ್ಥೆಯು ನಗರದ ಮಳಿಗೆಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ನರಸಿಂಹರಾಜಪುರ ತಾಲ್ಲೂಕಿನ ಸೀತೂರು ಹಾಗೂ ಕೊಪ್ಪ, ಶೃಂಗೇರಿ ಭಾಗದ ಗ್ರಾಮಗಳ ದಿನಸಿ ಅಂಗಡಿ, ಹೋಟೆಲು, ಬೇಕರಿ, ಗೊಬ್ಬರ ಮತ್ತು ಮೈಲುತುತ್ತದ ಅಂಗಡಿಗಳಂತಹ ವ್ಯಾಪಾರಗಳಿಗೂ ಇದು ಅನ್ವಯವಾಗುತ್ತದೆ. ಚಿಲ್ಲರೆಯ ಸಮಸ್ಯೆ ನೀಗುವುದು ಹಾಗೂ ಹಣ ನೇರವಾಗಿ ಖಾತೆಗೆ ಜಮೆಯಾಗುವುದು ಇದರ ಅನುಕೂಲಗಳು.

ಇದರ ಜೊತೆಯಲ್ಲಿಯೇ ಸಣ್ಣ ವರ್ತಕರು ಕೆಲವು ತೊಂದರೆಗಳನ್ನೂ ಎದುರಿಸುತ್ತಿದ್ದಾರೆ. ಗಿರಾಕಿಯ ಖಾತೆಯಿಂದ ಹಣ ಕಡಿತವಾಗಿಯೂ ಅಂಗಡಿಯ ಖಾತೆಗೆ ಬಾರದಿರುವುದು, ನಕಲಿ ಪಾವತಿ ತೋರಿಸಿ ಮೋಸ ಮಾಡುವುದು, ಯಾರದೋ ವಂಚನೆಯ ಕಾರಣ ಖಾತೆ ಸ್ಥಗಿತಗೊಳ್ಳುವುದು ಹಾಗೂ ಖಾತೆಗೆ ಬಂದ ಮೊತ್ತವನ್ನು ಆಧರಿಸಿ ತೆರಿಗೆ ನೋಟಿಸು ಬರುವುದು ಇವುಗಳಲ್ಲಿ ಮುಖ್ಯವಾದವು. ಈ ಪ್ರತಿಯೊಂದು ಸಂದರ್ಭದಲ್ಲಿಯೂ ನಿಯಮವೇನು, ವರ್ತಕರು ಕೈಗೊಳ್ಳಬೇಕಾದ ಕ್ರಮವೇನು ಎಂಬುದನ್ನು ಕೆಳಗೆ ವಿವರಿಸಲಾಗಿದೆ.

2. 2025ರ ನೋಟಿಸುಗಳ ಹಿನ್ನೆಲೆ

ವಾಣಿಜ್ಯ ತೆರಿಗೆಗಳ ಇಲಾಖೆಯು ಯುಪಿಐ ಸೇವೆ ನೀಡುವ ಸಂಸ್ಥೆಗಳಿಂದ 2021-22ರಿಂದ 2024-25ರವರೆಗಿನ ಮಾಹಿತಿಯನ್ನು ಪಡೆದು, ನೋಂದಣಿಯ ಮಿತಿಯನ್ನು ಮೀರಿದಂತೆ ಕಂಡುಬಂದ ಸಾವಿರಾರು ವರ್ತಕರಿಗೆ ನೋಟಿಸು ಜಾರಿ ಮಾಡಿತು. 2025ರ ಜುಲೈ ತಿಂಗಳಲ್ಲಿ ಈ ವಿಷಯವು ರಾಜ್ಯಾದ್ಯಂತ ಚರ್ಚೆಗೆ ಬಂದಿತು. ಬೆಂಗಳೂರಿನ ಹಲವು ಅಂಗಡಿಗಳು ಕ್ಯೂಆರ್ ಫಲಕಗಳನ್ನು ತೆಗೆದು "ನಗದು ಮಾತ್ರ" ಎಂಬ ಬರಹವನ್ನು ಹಾಕಿದವು. ಹಾಲು, ತರಕಾರಿ ಮಾರುವವರಿಗೂ ನೋಟಿಸು ಬಂದದ್ದರಿಂದ ಆತಂಕ ಹೆಚ್ಚಾಗಿ, ವರ್ತಕರು ಜುಲೈ 25ರಂದು ಬಂದ್‌ಗೆ ಕರೆ ನೀಡಿದ್ದರು.

2025ರ ಜುಲೈ 23ರಂದು ಮುಖ್ಯಮಂತ್ರಿ ಶ್ರೀ ಸಿದ್ದರಾಮಯ್ಯನವರು ವರ್ತಕರ ಪ್ರತಿನಿಧಿಗಳೊಂದಿಗೆ ಸಭೆ ನಡೆಸಿದರು. ತೆರಿಗೆ ವಿನಾಯಿತಿ ಇರುವ ಸರಕುಗಳನ್ನು ಮಾರುವವರಿಂದ ತೆರಿಗೆ ವಸೂಲು ಮಾಡುವುದಿಲ್ಲವೆಂದೂ, ಇತರೆ ಸಣ್ಣ ವರ್ತಕರು ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡಲ್ಲಿ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದೂ ಅವರು ಪ್ರಕಟಿಸಿದರು. ತದನಂತರ ಬಂದ್ ಕರೆಯನ್ನು ಹಿಂಪಡೆಯಲಾಯಿತು. ಈ ಪ್ರಕರಣದಿಂದ ತಿಳಿಯಬೇಕಾದ ಮುಖ್ಯ ಅಂಶವೆಂದರೆ, ಯುಪಿಐ ಮೂಲಕ ಹಣ ಪಡೆಯುವುದಕ್ಕೆ ಪ್ರತ್ಯೇಕ ತೆರಿಗೆ ಇಲ್ಲ. ತೆರಿಗೆ ಇರುವುದು ವ್ಯಾಪಾರದ ಮೇಲೆ. ಯುಪಿಐ ಆ ವ್ಯಾಪಾರಕ್ಕೆ ದಾಖಲೆ ಮಾತ್ರ ಆಗಿರುತ್ತದೆ.

3. ಜಿಎಸ್‌ಟಿ ನೋಂದಣಿ ಯಾರಿಗೆ ಅಗತ್ಯ?

(ಅ) ಸರಕು ಮಾತ್ರ ಮಾರುವವರ ಒಟ್ಟು ವಹಿವಾಟು ಒಂದು ಆರ್ಥಿಕ ವರ್ಷದಲ್ಲಿ 40 ಲಕ್ಷ ರೂಪಾಯಿ ಮೀರಿದಲ್ಲಿ ನೋಂದಣಿ ಅಗತ್ಯ. ಸೇವೆ ನೀಡುವವರಿಗೆ ಈ ಮಿತಿ 20 ಲಕ್ಷ ರೂಪಾಯಿ. ಹೋಟೆಲು ನಡೆಸುವುದು ಸೇವೆಯಾಗಿರುತ್ತದೆ. ಬೇಕರಿಯಲ್ಲಿ ತಿನಿಸು ಮಾರುವುದರ ಜೊತೆಗೆ ಕೂರಿಸಿ ಕಾಫಿ, ತಿಂಡಿ ಕೊಡುತ್ತಿದ್ದಲ್ಲಿಯೂ 20 ಲಕ್ಷದ ಮಿತಿಯನ್ನೇ ಗಮನಿಸತಕ್ಕದ್ದು.

(ಆ) ದಿನದ ಲೆಕ್ಕದಲ್ಲಿ ಹೇಳುವುದಾದರೆ, ವರ್ಷವಿಡೀ ಅಂಗಡಿ ತೆರೆದಿರುವವರಿಗೆ 40 ಲಕ್ಷವೆಂದರೆ ದಿನಕ್ಕೆ ಸರಾಸರಿ ಸುಮಾರು 10,960 ರೂಪಾಯಿ ವ್ಯಾಪಾರ. 20 ಲಕ್ಷವೆಂದರೆ ಸುಮಾರು 5,480 ರೂಪಾಯಿ ವ್ಯಾಪಾರ. ದಿನಕ್ಕೆ ಸರಾಸರಿ 5,000 ರೂಪಾಯಿ ವ್ಯಾಪಾರವಿರುವ ಹೋಟೆಲಿನ ವಾರ್ಷಿಕ ವಹಿವಾಟು 18,25,000 ರೂಪಾಯಿ ಆಗುವುದರಿಂದ ನೋಂದಣಿ ಬೇಕಾಗುವುದಿಲ್ಲ. ಅದೇ 6,000 ರೂಪಾಯಿ ಆದಲ್ಲಿ ವಹಿವಾಟು 21,90,000 ರೂಪಾಯಿ ಆಗಿ ಮಿತಿ ಮೀರುತ್ತದೆ.

(ಇ) ಒಟ್ಟು ವಹಿವಾಟು ಎಂದರೆ ನಗದು, ಯುಪಿಐ, ಚೆಕ್ಕು, ಉದ್ರಿ ಎಲ್ಲವೂ ಸೇರಿದ ಮಾರಾಟ. ಆದ್ದರಿಂದ ಕ್ಯೂಆರ್ ಫಲಕ ತೆಗೆದು ನಗದಿಗೆ ಮರಳಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಒಂದೇ ಪ್ಯಾನ್ ಸಂಖ್ಯೆಯಡಿ ಎರಡು ಅಂಗಡಿಗಳಿದ್ದಲ್ಲಿ ಎರಡರ ಮಾರಾಟವನ್ನೂ ಕೂಡಿಸತಕ್ಕದ್ದು.

(ಈ) ಹಾಲು, ತಾಜಾ ತರಕಾರಿ, ತಾಜಾ ಹಣ್ಣು ಮುಂತಾದ ವಿನಾಯಿತಿ ಸರಕುಗಳನ್ನು ಮಾತ್ರವೇ ಮಾರುವವರು ವಹಿವಾಟು ಎಷ್ಟೇ ಇದ್ದರೂ ನೋಂದಣಿ ಮಾಡಿಸಬೇಕಾಗಿಲ್ಲ. ಆದರೆ ಅದೇ ಅಂಗಡಿಯಲ್ಲಿ ಬಿಸ್ಕತ್ತು, ಸಾಬೂನಿನಂತಹ ತೆರಿಗೆಯುಳ್ಳ ಸರಕುಗಳೂ ಇದ್ದಲ್ಲಿ, ಮಿತಿಯನ್ನು ಲೆಕ್ಕ ಹಾಕುವಾಗ ಎರಡೂ ಬಗೆಯ ಮಾರಾಟವನ್ನು ಸೇರಿಸಲಾಗುತ್ತದೆ. ತೆರಿಗೆ ಮಾತ್ರ ತೆರಿಗೆಯುಳ್ಳ ಸರಕಿನ ಮೇಲೆ ಬರುತ್ತದೆ.

(ಉ) ತೆರಿಗೆಯುಳ್ಳ ಸರಕನ್ನು ಹೊರರಾಜ್ಯದ ಗಿರಾಕಿಗೆ ಕಳುಹಿಸುವವರು ಸಾಮಾನ್ಯವಾಗಿ ವಹಿವಾಟಿನ ಮಿತಿಯನ್ನು ಪರಿಗಣಿಸದೆ ನೋಂದಣಿ ಪಡೆಯಬೇಕಾಗುತ್ತದೆ. ಪಾರ್ಸೆಲ್ ಮೂಲಕ ಮಾರಾಟ ಆರಂಭಿಸುವವರು ಇದನ್ನು ಮೊದಲೇ ಗಮನಿಸುವುದು.

4. ಕಾಂಪೊಸಿಷನ್ ಪದ್ಧತಿ

ಮಿತಿ ಮೀರಿದ ಸಣ್ಣ ವರ್ತಕರಿಗೆ ಸರಳವಾದ ಮಾರ್ಗವೊಂದಿದೆ. ವಾರ್ಷಿಕ ವಹಿವಾಟು 1.5 ಕೋಟಿ ರೂಪಾಯಿವರೆಗೆ ಇರುವವರು ಕಾಂಪೊಸಿಷನ್ ಪದ್ಧತಿಯನ್ನು ಆಯ್ದುಕೊಳ್ಳಬಹುದು. ಸರಕು ಮಾರುವ ವರ್ತಕರಿಗೆ ತೆರಿಗೆಯುಳ್ಳ ಮಾರಾಟದ ಮೇಲೆ ಶೇಕಡ 1ರಷ್ಟು, ಹೋಟೆಲುಗಳಿಗೆ ಶೇಕಡ 5ರಷ್ಟು ತೆರಿಗೆ ಇರುತ್ತದೆ.

ಉದಾಹರಣೆಗೆ, ಒಂದು ದಿನಸಿ ಅಂಗಡಿಯ ವಾರ್ಷಿಕ ಮಾರಾಟ 42 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಬಹುದು. ಇದರಲ್ಲಿ ಹಾಲು, ತರಕಾರಿ, ಹಣ್ಣು ಮುಂತಾದ ವಿನಾಯಿತಿ ಸರಕು 27 ಲಕ್ಷ, ಉಳಿದದ್ದು 15 ಲಕ್ಷ. ಒಟ್ಟು 40 ಲಕ್ಷ ಮೀರಿರುವುದರಿಂದ ನೋಂದಣಿ ಅಗತ್ಯ. ಆದರೆ ಕಾಂಪೊಸಿಷನ್ ಪದ್ಧತಿಯಲ್ಲಿ ತೆರಿಗೆ 15 ಲಕ್ಷದ ಮೇಲೆ ಶೇಕಡ 1, ಅಂದರೆ ವರ್ಷಕ್ಕೆ 15,000 ರೂಪಾಯಿ ಮಾತ್ರ.

ಈ ಪದ್ಧತಿಯ ಷರತ್ತುಗಳು: ಗಿರಾಕಿಯಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ, ಖರೀದಿಯ ಮೇಲೆ ಕೊಟ್ಟ ತೆರಿಗೆಯ ಜಮೆ ದೊರೆಯುವುದಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ, ಅಂಗಡಿಯಲ್ಲಿ ಕಾಂಪೊಸಿಷನ್ ತೆರಿಗೆದಾರರೆಂಬ ಫಲಕ ಹಾಕತಕ್ಕದ್ದು. ತೆರಿಗೆಯನ್ನು ಮೂರು ತಿಂಗಳಿಗೊಮ್ಮೆ, ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 18ರೊಳಗೆ ಪಾವತಿಸಿ, ವರ್ಷಕ್ಕೊಂದು ವಿವರಪಟ್ಟಿ ಸಲ್ಲಿಸಬೇಕು. ಸಾಮಾನ್ಯ ನೋಂದಣಿ ಪಡೆದ ಸಾಧಾರಣ ಹೋಟೆಲುಗಳಿಗೂ ದರ ಶೇಕಡ 5 ಆಗಿದ್ದು, ಅದನ್ನು ಬಿಲ್ಲಿನಲ್ಲಿ ತೋರಿಸಿ ಗಿರಾಕಿಯಿಂದ ಪಡೆಯಬಹುದು. ಆದ್ದರಿಂದ ಹೋಟೆಲು ನಡೆಸುವವರು ಎರಡನ್ನೂ ಹೋಲಿಸಿ ನೋಡಿ ಆಯ್ಕೆ ಮಾಡುವುದು.

ನೋಂದಣಿಗೆ ಸರ್ಕಾರದ ಶುಲ್ಕ ಇರುವುದಿಲ್ಲ. ಹೊಣೆ ಉಂಟಾದ 30 ದಿನಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು.

5. ಖಾತೆಗೆ ಬಂದ ಹಣವೆಲ್ಲ ವ್ಯಾಪಾರವಲ್ಲ

ಗ್ರಾಮದ ಅಂಗಡಿಯ ಖಾತೆಗೆ ಮಾರಾಟದ ಹಣವಷ್ಟೇ ಬರುವುದಿಲ್ಲ. ಎ.ಟಿ.ಎಂ. ದೂರವಿರುವ ಊರುಗಳಲ್ಲಿ ಪರಿಚಿತರು ಅಂಗಡಿಯಿಂದ ನಗದು ಪಡೆದು ಅಷ್ಟೇ ಮೊತ್ತವನ್ನು ಯುಪಿಐ ಮೂಲಕ ಹಾಕುವುದುಂಟು. ಚೀಟಿಯ ಹಣ, ಸ್ವಸಹಾಯ ಸಂಘದ ಕಂತು, ಮಕ್ಕಳು ಊರಿಗೆ ಕಳುಹಿಸುವ ಹಣ, ಕೈಗಡ ಹಾಗೂ ಅಂಗಡಿಯವರದೇ ತೋಟದ ಅಡಿಕೆಯ ಹಣವೂ ಅದೇ ಖಾತೆಗೆ ಬಂದು ಸೇರಬಹುದು. ಖಾತೆಯ ಒಟ್ಟು ಮೊತ್ತವನ್ನಷ್ಟೇ ನೋಡಿದಾಗ ಇವೆಲ್ಲವೂ ಮಾರಾಟದಂತೆಯೇ ಕಾಣುತ್ತವೆ. ಎರಡು ವರ್ಷಗಳ ನಂತರ ಯಾವ ಜಮೆ ಯಾವುದೆಂದು ನೆನಪಿನಿಂದ ಹೇಳುವುದು ಕಷ್ಟಸಾಧ್ಯ. ಆದ್ದರಿಂದ:

(ಅ) ಅಂಗಡಿಗೆ ಪ್ರತ್ಯೇಕ ಖಾತೆ ಮತ್ತು ಪ್ರತ್ಯೇಕ ಕ್ಯೂಆರ್ ಇಟ್ಟುಕೊಳ್ಳುವುದು. ಮನೆಯ ಹಾಗೂ ತೋಟದ ಹಣವನ್ನು ಬೇರೆ ಖಾತೆಗೆ ಪಡೆಯುವುದು.

(ಆ) ಒಂದು ದಿನಚರಿ ಪುಸ್ತಕದಲ್ಲಿ ಪ್ರತಿದಿನದ ನಗದು ಮಾರಾಟ, ಯುಪಿಐ ಮಾರಾಟ ಹಾಗೂ ಮಾರಾಟವಲ್ಲದ ಜಮೆ ಎಂದು ಮೂರು ಅಂಕಣಗಳಲ್ಲಿ ಬರೆದಿಡುವುದು.

(ಇ) ಸಗಟು ಖರೀದಿಯ ಬಿಲ್ಲು, ಅಡಿಕೆ ಮಾರಾಟದ ಪಟ್ಟಿ, ಸಂಘದ ಪಾಸ್ ಪುಸ್ತಕಗಳನ್ನು ವರ್ಷವಾರು ಜೋಡಿಸಿಡುವುದು.

(ಈ) ಅಪರಿಚಿತರಿಗೆ ನಗದು ಕೊಟ್ಟು ಯುಪಿಐ ಪಡೆಯದಿರುವುದು. ಇದರ ಕಾರಣವನ್ನು 8ನೇ ಕಂಡಿಕೆಯಲ್ಲಿ ತಿಳಿಸಲಾಗಿದೆ.

6. ನೋಟಿಸು ಬಂದಲ್ಲಿ

ವಿವರಣೆ ಕೇಳುವ ನೋಟಿಸು ತೆರಿಗೆ ನಿಗದಿಯ ಅಂತಿಮ ಆದೇಶವಲ್ಲ. ಅದನ್ನು ಪಡೆದವರು ಮೊದಲು ಹೆಸರು, ಪ್ಯಾನ್ ಸಂಖ್ಯೆ, ಯಾವ ಆರ್ಥಿಕ ವರ್ಷ ಹಾಗೂ ಉತ್ತರಿಸಲು ಕೊಟ್ಟಿರುವ ಕೊನೆಯ ದಿನಾಂಕವನ್ನು ನೋಡಿಕೊಳ್ಳುವುದು. ನಂತರ ಬ್ಯಾಂಕ್ ವಿವರಣಾ ಪಟ್ಟಿಯಲ್ಲಿನ ಜಮೆಗಳನ್ನು ವಿನಾಯಿತಿ ಸರಕಿನ ಮಾರಾಟ, ತೆರಿಗೆಯುಳ್ಳ ಮಾರಾಟ, ಮಾರಾಟವಲ್ಲದ ಜಮೆ ಎಂದು ವಿಂಗಡಿಸಿ, ಖರೀದಿ ಬಿಲ್ಲುಗಳ ಪ್ರತಿ ಲಗತ್ತಿಸಿ, ಲಿಖಿತ ಉತ್ತರ ಸಲ್ಲಿಸಿ ಸ್ವೀಕೃತಿ ಪಡೆಯುವುದು. ಉತ್ತರಿಸದೆ ಸುಮ್ಮನಿರುವುದು ವರ್ತಕರಿಗೇ ಹಾನಿಕರ. ಉತ್ತರವಿಲ್ಲದಿದ್ದಲ್ಲಿ ಅಧಿಕಾರಿಯ ಮುಂದೆ ಲಭ್ಯವಿರುವ ಅಂಕಿಯ ಆಧಾರದಲ್ಲಿಯೇ ಮುಂದಿನ ಕ್ರಮ ನಡೆಯಬಹುದು. ನೋಟಿಸನ್ನು ರದ್ದು ಮಾಡಿಸಿಕೊಡುವುದಾಗಿ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು. ನೋಟಿಸಿನ ನೈಜತೆಯ ಬಗ್ಗೆ ಸಂದೇಹವಿದ್ದಲ್ಲಿ ಅದರ ಪ್ರತಿಯೊಂದಿಗೆ ಕಚೇರಿಗೆ ಖುದ್ದಾಗಿ ಬಂದು ವಿಚಾರಿಸಬಹುದು.

7. ಹಣ ಕಡಿತವಾಗಿ ಅಂಗಡಿಗೆ ಬಾರದಿದ್ದಲ್ಲಿ

ಮಳೆಗಾಲದಲ್ಲಿ ವಿದ್ಯುತ್ ಹಾಗೂ ಮೊಬೈಲ್ ಸಂಪರ್ಕ ಕಡಿತಗೊಳ್ಳುವ ಮಲೆನಾಡಿನಲ್ಲಿ ಈ ತೊಂದರೆಯಿಂದ ಅಂಗಡಿಯವರಿಗೂ ಗಿರಾಕಿಗೂ ಮನಸ್ತಾಪ ಉಂಟಾಗುವುದುಂಟು. ಗಿರಾಕಿಯು ತಾನು ಹಣ ಕೊಟ್ಟಾಗಿದೆ ಎನ್ನುತ್ತಾರೆ. ಅಂಗಡಿಯವರು ತಮಗೆ ಬಂದಿಲ್ಲ ಎನ್ನುತ್ತಾರೆ. ಇಬ್ಬರ ಮಾತೂ ನಿಜವಾಗಿರಬಹುದು.

ಭಾರತೀಯ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ, ಗಿರಾಕಿಯ ಖಾತೆಯಿಂದ ಹಣ ಕಡಿತವಾಗಿ ವರ್ತಕರಿಗೆ ಖಚಿತ ಸಂದೇಶ ಬಾರದಿದ್ದಲ್ಲಿ, ವ್ಯವಹಾರದ ದಿನದಿಂದ 5 ದಿನಗಳೊಳಗೆ ಆ ಹಣ ಗಿರಾಕಿಯ ಖಾತೆಗೆ ತಾನಾಗಿಯೇ ಹಿಂತಿರುಗಬೇಕು. ತಡವಾದಲ್ಲಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲುತ್ತದೆ. ಸೋಮವಾರದ ವ್ಯವಹಾರವಾದಲ್ಲಿ ಶನಿವಾರದೊಳಗೆ ಹಣ ಹಿಂತಿರುಗಬೇಕು. ಮಂಗಳವಾರ ಹಿಂತಿರುಗಿದಲ್ಲಿ ಮೂರು ದಿನದ ವಿಳಂಬಕ್ಕೆ 300 ರೂಪಾಯಿ ಪರಿಹಾರ. ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ ಹಣಕ್ಕೆ ಈ ಅವಧಿ ಮರುದಿನದವರೆಗೆ ಮಾತ್ರ.

ಇಲ್ಲಿ ಗಮನಿಸಬೇಕಾದುದೆಂದರೆ, ಹಿಂತಿರುಗುವ ಹಣ ಗಿರಾಕಿಗೆ ಹೋಗುತ್ತದೆಯೇ ಹೊರತು ಅಂಗಡಿಗೆ ಬರುವುದಿಲ್ಲ. ಪರಿಚಿತ ಗಿರಾಕಿಯಾದಲ್ಲಿ ಮೊತ್ತವನ್ನು ಉದ್ರಿ ಪುಸ್ತಕದಲ್ಲಿ ಬರೆದು, ಅವರ ಮೊಬೈಲಿನಲ್ಲಿ ಕಾಣುವ 12 ಅಂಕಿಯ ವ್ಯವಹಾರ ಸಂಖ್ಯೆಯನ್ನು ಗುರುತು ಮಾಡಿಕೊಂಡು, ಹಣ ಹಿಂತಿರುಗಿದ ಮೇಲೆ ಪಡೆಯುವುದು. ಇಂಟರ್ನೆಟ್ ಇಲ್ಲದೆ ಧ್ವನಿ ಕರೆ ಮಾತ್ರ ಸಾಧ್ಯವಿರುವ ಸ್ಥಳಗಳಿಗಾಗಿ 2022ರ ಮಾರ್ಚ್‌ನಲ್ಲಿ ಆರಂಭವಾದ ಯುಪಿಐ 123ಪೇ ಸೌಲಭ್ಯವನ್ನೂ ಬಳಸಬಹುದು.

ಜಿಎಸ್‌ಟಿ ಜಾಲತಾಣದಲ್ಲಿ ತೆರಿಗೆ ಪಾವತಿಸುವಾಗ ಹಣ ಕಡಿತವಾಗಿ ಚಲನ್ ಗುರುತಿನ ಸಂಖ್ಯೆ ಬಾರದಿದ್ದಲ್ಲಿ, ಕೂಡಲೇ ಎರಡನೇ ಬಾರಿ ಪಾವತಿಸಬಾರದು. 24 ಗಂಟೆ ಕಾದು, ಆಗಲೂ ಬಾರದಿದ್ದಲ್ಲಿ ಪಿಎಂಟಿ-07 ನಮೂನೆಯಲ್ಲಿ ದೂರು ಸಲ್ಲಿಸುವುದು.

8. ವಂಚನೆ ಮತ್ತು ಖಾತೆ ಸ್ಥಗಿತ

(ಅ) ಗಿರಾಕಿಯ ಮೊಬೈಲಿನ ಪರದೆ ಪಾವತಿಗೆ ಸಾಕ್ಷಿಯಲ್ಲ. ಪಾವತಿಯಾದಂತೆ ತೋರಿಸುವ ನಕಲಿ ತಂತ್ರಾಂಶಗಳಿವೆ. ತಮ್ಮ ಬ್ಯಾಂಕಿನ ಸಂದೇಶ, ಧ್ವನಿ ಪೆಟ್ಟಿಗೆಯ ಘೋಷಣೆ ಅಥವಾ ಖಾತೆಯ ವಿವರವನ್ನು ನೋಡಿಯೇ ಸರಕು ಕೊಡುವುದು.

(ಆ) ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ. ದೊಡ್ಡ ಆರ್ಡರ್ ಕೊಡುವ ನೆಪದಲ್ಲಿ ಕರೆ ಮಾಡಿ ಪಿನ್ ಹಾಕಲು ಹೇಳುವವರು ವಂಚಕರು.

(ಇ) ಪ್ರತಿದಿನ ಬೆಳಿಗ್ಗೆ ಅಂಗಡಿಯ ಕ್ಯೂಆರ್ ಫಲಕವನ್ನು ಪರಿಶೀಲಿಸುವುದು. ಅದರ ಮೇಲೆ ಬೇರೆಯವರ ಕ್ಯೂಆರ್ ಅಂಟಿಸಿದಲ್ಲಿ ದಿನವಿಡೀ ಹಣ ಅವರಿಗೆ ಹೋಗುತ್ತದೆ.

(ಈ) ವಂಚನೆಯಾದ ಕೂಡಲೇ 1930 ಸಂಖ್ಯೆಗೆ ಕರೆ ಮಾಡುವುದು ಹಾಗೂ ಬ್ಯಾಂಕಿಗೆ ತಿಳಿಸುವುದು. ತಡವಾದಷ್ಟೂ ಹಣ ಮರಳಿ ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ.

(ಉ) ವಂಚಕನೊಬ್ಬನು ಕದ್ದ ಹಣದಿಂದ ಅಂಗಡಿಯಲ್ಲಿ ಸಾಮಾನು ಕೊಂಡಲ್ಲಿ ಅಥವಾ ನಗದು ಪಡೆದಲ್ಲಿ, ಹಣದ ಜಾಡು ಹಿಡಿಯುವ ಪೊಲೀಸರ ಕೋರಿಕೆಯ ಮೇರೆಗೆ ಅಂಗಡಿಯವರ ಖಾತೆ ಅಥವಾ ಅದರಲ್ಲಿನ ಮೊತ್ತ ಸ್ಥಗಿತಗೊಳ್ಳಬಹುದು. ಆಗ ಬ್ಯಾಂಕಿನಿಂದ ದೂರಿನ ಸಂಖ್ಯೆ, ಪೊಲೀಸ್ ಠಾಣೆಯ ಹೆಸರು ಹಾಗೂ ವಿವಾದಿತ ಮೊತ್ತವನ್ನು ಲಿಖಿತವಾಗಿ ಕೇಳಿ ಪಡೆಯುವುದು. ಆ ಮಾರಾಟದ ಬಿಲ್ಲಿನ ಪ್ರತಿಯೊಂದಿಗೆ ಸಂಬಂಧಿತ ಠಾಣೆಗೆ ಮನವಿ ಸಲ್ಲಿಸಿ, ವಿವಾದಿತ ಮೊತ್ತವನ್ನು ಬಿಟ್ಟು ಉಳಿದ ಹಣವನ್ನು ಬಿಡುಗಡೆ ಮಾಡಲು ಕೋರುವುದು. ಇಂತಹ ಸಂದರ್ಭದಲ್ಲಿ ಬಿಲ್ಲು ಇರುವ ಅಂಗಡಿಯವರು ಮಾರಾಟವನ್ನು ತೋರಿಸಬಲ್ಲರು. ನಗದು ಕೊಟ್ಟವರ ಬಳಿ ತೋರಿಸಲು ಏನೂ ಇರುವುದಿಲ್ಲ.

9. ಶುಲ್ಕ ಮತ್ತು ದೂರು

ಬ್ಯಾಂಕ್ ಖಾತೆಯಿಂದ ನೇರವಾಗಿ ಮಾಡುವ ಯುಪಿಐ ಪಾವತಿಗಳಿಗೆ 2020ರ ಜನವರಿ 1ರಿಂದ ವರ್ತಕರ ಮೇಲೆ ಶೇಕಡಾವಾರು ಶುಲ್ಕ ಇಲ್ಲ. ಧ್ವನಿ ಪೆಟ್ಟಿಗೆಯ ಮಾಸಿಕ ಬಾಡಿಗೆ ಹಾಗೂ ಕ್ರೆಡಿಟ್ ಕಾರ್ಡ್ ಮೂಲಕ ಬರುವ ಪಾವತಿಯ ಶುಲ್ಕ ಬೇರೆ ವಿಷಯ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಇವುಗಳನ್ನು ಕೇಳಿ ತಿಳಿದುಕೊಳ್ಳುವುದು.

ಪಾವತಿಗೆ ಸಂಬಂಧಿಸಿದ ದೂರನ್ನು ಮೊದಲು ಬಳಸುತ್ತಿರುವ ಆ್ಯಪ್‌ನಲ್ಲಿ ಹಾಗೂ ಬ್ಯಾಂಕಿನಲ್ಲಿ ದಾಖಲಿಸಿ ದೂರಿನ ಸಂಖ್ಯೆ ಪಡೆಯುವುದು. 30 ದಿನಗಳಲ್ಲಿ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಉಚಿತವಾಗಿ ದೂರು ಸಲ್ಲಿಸಬಹುದು. ಈ ಬಗ್ಗೆ 14448 ಸಂಖ್ಯೆಯಲ್ಲಿ ಮಾಹಿತಿ ದೊರೆಯುತ್ತದೆ.

10. ಜಿಎಸ್‌ಟಿ ನೋಂದಣಿ, ಕಾಂಪೊಸಿಷನ್ ಪದ್ಧತಿ ಹಾಗೂ ನೋಟಿಸುಗಳ ಬಗ್ಗೆ ಹೆಚ್ಚಿನ ವಿವರ ಬೇಕಾದ ವರ್ತಕರು ಪ್ಯಾನ್ ಕಾರ್ಡ್, ಬ್ಯಾಂಕ್ ವಿವರಣಾ ಪಟ್ಟಿ ಮತ್ತು ಖರೀದಿ ಬಿಲ್ಲುಗಳೊಂದಿಗೆ ಕಚೇರಿ ವೇಳೆಯಲ್ಲಿ ತಮ್ಮ ವ್ಯಾಪ್ತಿಯ ವಾಣಿಜ್ಯ ತೆರಿಗೆ ಕಚೇರಿಯನ್ನು ಸಂಪರ್ಕಿಸಬಹುದು.