ಕೆಲಸ ಹೋದೀತೆಂಬ ಭಯಕ್ಕೆ ನೂರಕ್ಕೆ ಎಷ್ಟು?

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅತಿಥಿ ಉಪನ್ಯಾಸಕರೊಬ್ಬರನ್ನು ಕೇಳಿ ನೋಡಿ: ‘ಮುಂದಿನ ಹನ್ನೆರಡು ತಿಂಗಳಲ್ಲಿ ನಿಮ್ಮ ಕೆಲಸ ಹೋಗುವ ಸಾಧ್ಯತೆ ನೂರಕ್ಕೆ ಎಷ್ಟು?’

ಕಾಗದ ನೋಡಿ ಹೇಳುವುದಾದರೆ ನೂರಕ್ಕೆ ನೂರು. ಶೈಕ್ಷಣಿಕ ವರ್ಷ ಮುಗಿಯುತ್ತಿದ್ದಂತೆ ಅವರನ್ನು ಬಿಡುಗಡೆ ಮಾಡುತ್ತಾರೆ. ಹೀಗೆ ವರ್ಷವರ್ಷವೂ ಬಿಡುಗಡೆಯಾಗಿ, ಮತ್ತೆ ಅರ್ಜಿ ಹಾಕಿ, ಕೌನ್ಸೆಲಿಂಗ್‌ಗೆ ಹೋಗಿ, ಅದೇ ತರಗತಿಗೆ ಮರಳುತ್ತ ತಲೆ ನರೆತವರಿದ್ದಾರೆ. ಅವರ ನಿದ್ದೆ ಕೆಡಿಸುವುದು ಈ ಬಿಡುಗಡೆಯಲ್ಲ. ಬೇರೆ ಊರಿನ ಕಾಯಂ ಪ್ರಾಧ್ಯಾಪಕರೊಬ್ಬರು ತಮ್ಮ ಕಾಲೇಜಿಗೆ ವರ್ಗವಾಗಿ ಬರುತ್ತಾರಂತೆ ಎಂಬ ಸುದ್ದಿ. ಅವರು ಬಂದರೆ ಕಾರ್ಯಭಾರ ಕರಗುತ್ತದೆ, ಅತಿಥಿಗಳ ಪೈಕಿ ಒಬ್ಬರು ಮನೆಗೆ. ಇನ್ನೊಬ್ಬರ ವರ್ಗಾವಣೆ ಆದೇಶದಲ್ಲಿರುವ ಈ ಭಯವನ್ನು ಸಮೀಕ್ಷೆಯ ಯಾವ ಕಾಲಂನಲ್ಲಿ ತುಂಬಬೇಕು?

ಇಂಥ ಪ್ರಶ್ನೆ ಕೇಳುವ ರೂಢಿ ಹೊಸದಲ್ಲ. ಷಿಕಾಗೋ ವಿಶ್ವವಿದ್ಯಾಲಯದ ಎನ್‌ಒಆರ್‌ಸಿ ನಡೆಸುವ ‘ಜನರಲ್ ಸೋಷಿಯಲ್ ಸರ್ವೆ’ ಅಮೆರಿಕದ ದುಡಿಯುವವರನ್ನು 1977ರಿಂದ ಇದನ್ನು ಕೇಳುತ್ತ ಬಂದಿದೆ. ಉತ್ತರಕ್ಕೆ ನಾಲ್ಕು ಮೆಟ್ಟಿಲು: ತುಂಬ ಸಾಧ್ಯ, ಸಾಕಷ್ಟು ಸಾಧ್ಯ, ಅಷ್ಟೇನಿಲ್ಲ, ಸಾಧ್ಯವೇ ಇಲ್ಲ. ತೊಡಕೆಂದರೆ, ಪುಕ್ಕಲು ಸ್ವಭಾವದವನ ‘ಸಾಕಷ್ಟು’ ಮತ್ತು ಗಟ್ಟಿಗನ ‘ಸಾಕಷ್ಟು’ ಒಂದೇ ಅಲ್ಲ. ಅದಕ್ಕೇ ಚಾರ್ಲ್ಸ್ ಮ್ಯಾನ್‌ಸ್ಕಿಯಂಥ ಅರ್ಥಶಾಸ್ತ್ರಜ್ಞರು 1990ರ ದಶಕದಲ್ಲಿ ಮಾತು ಬೇಡ, ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಹೇಳಿ ಎಂದರು. ಜೊತೆಗೆ ಇನ್ನೊಂದನ್ನೂ ಕೇಳಿದರು: ಕೆಲಸ ಹೋಯಿತೆನ್ನಿ, ಅಷ್ಟೇ ಒಳ್ಳೆಯದು ಮತ್ತೆ ಸಿಗುವ ಸಾಧ್ಯತೆ ಎಷ್ಟು? ನನ್ನ ಮಟ್ಟಿಗೆ ಈ ಎರಡನೆಯ ಪ್ರಶ್ನೆಯೇ ಮೊದಲನೆಯದಕ್ಕಿಂತ ಮುಖ್ಯ.

ಅಂಕಿಗೂ ಅದರದೇ ಆಟವಿದೆ. ಬಹಳ ಜನ ‘50’ ಎಂದುಬಿಡುತ್ತಾರೆ. ಅದರರ್ಥ ಅರ್ಧಕ್ಕರ್ಧ ಅಂತಲೇ ಇರಬೇಕಿಲ್ಲ, ‘ಯಾರಿಗ್ಗೊತ್ತು ಸ್ವಾಮಿ’ ಅಂತಲೂ ಇರಬಹುದು. ಶೇಕಡಾ ಲೆಕ್ಕದ ಅಭ್ಯಾಸವಿಲ್ಲದ ಕಡೆ ಅಂಕಿಯನ್ನೂ ಕೈಬಿಡಬೇಕಾಗುತ್ತದೆ. ಆಫ್ರಿಕಾದ ಮಲಾವಿಯಲ್ಲಿ, ಬೇರೆ ವಿಷಯಗಳ ಕುರಿತ ಸಮೀಕ್ಷೆಯಲ್ಲಿ, ಜನರ ಮುಂದೆ ಹತ್ತು ಕಾಳು ಇಟ್ಟು, ಎಷ್ಟು ಸಾಧ್ಯವೆನಿಸುತ್ತದೋ ಅಷ್ಟು ಕಾಳು ಎತ್ತಿಡಿ ಎಂದು ಕೇಳಿದರು. ಚೆನ್ನಾಗಿಯೇ ನಡೆಯಿತು. ಇನ್ನು ಈ ಊಹೆಗಳು ಬರೀ ಊಹೆಯೇ? ಅಲ್ಲ. ಅಮೆರಿಕದ ಹಿರಿಯ ನೌಕರರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಮೀಕ್ಷೆಯಲ್ಲಿ, ಹೆಚ್ಚು ಅಂಕಿ ಹೇಳಿದವರೇ ಮುಂದೆ ಹೆಚ್ಚಾಗಿ ಕೆಲಸ ಕಳೆದುಕೊಂಡಿದ್ದರು.

ಮನಶ್ಶಾಸ್ತ್ರಜ್ಞರ ದಾರಿ ಬೇರೆ. 1984ರಲ್ಲಿ ಗ್ರೀನ್‌ಹಾಲ್ ಮತ್ತು ರೋಸೆನ್‌ಬ್ಲಾಟ್, ಅಭದ್ರತೆಯೆಂದರೆ ಬರೀ ಸಾಧ್ಯತೆಯಲ್ಲ, ಅದನ್ನು ತಡೆಯಲು ತನ್ನ ಕೈಯಲ್ಲಿ ಏನೂ ಇಲ್ಲವೆಂಬ ಅಸಹಾಯಕತೆಯೂ ಹೌದು ಎಂದರು. 1989ರಲ್ಲಿ ಆಶ್‌ಫರ್ಡ್ ಮತ್ತು ಸಂಗಡಿಗರು ಅದನ್ನು ಅಳೆಯಲು 57 ಪ್ರಶ್ನೆಗಳ ಪಟ್ಟಿ ಮಾಡಿದರು. (57 ಪ್ರಶ್ನೆಗೆ ಉತ್ತರಿಸುವಷ್ಟು ಪುರುಸೊತ್ತು ಇರುವವರ ಕೆಲಸ ಬಹುಶಃ ಭದ್ರವಾಗಿಯೇ ಇರುತ್ತದೆ.) ಬೆಲ್ಜಿಯಂನ ಹಾನ್ಸ್ ಡಿ ವಿಟ್ಟೆ ಅವರ ಪಟ್ಟಿಯಲ್ಲಿ ನಾಲ್ಕೇ ಸಾಲುಗಳಿವೆ, ಇಂದು ಹೆಚ್ಚು ಬಳಕೆಯಲ್ಲಿರುವ ಪಟ್ಟಿಗಳಲ್ಲಿ ಅದೂ ಒಂದು. ಸ್ವೀಡನ್‌ನ ಸಂಶೋಧಕರು 1999ರಲ್ಲಿ ಇನ್ನೊಂದು ಎಳೆ ಬಿಡಿಸಿದರು: ಕೆಲಸವೇ ಹೋದೀತೆಂಬ ಭಯ ಬೇರೆ, ಕೆಲಸ ಉಳಿದು ಅದರ ಸತ್ವ ಹೋದೀತೆಂಬ ಭಯ ಬೇರೆ. ಪ್ರಾಜೆಕ್ಟ್ ಇಲ್ಲದೆ ತಿಂಗಳುಗಟ್ಟಲೆ ‘ಬೆಂಚ್’ ಮೇಲೆ ಕೂತ ಬೆಂಗಳೂರಿನ ಐಟಿ ನೌಕರನಿಗೆ ಇದನ್ನು ವಿವರಿಸಬೇಕಿಲ್ಲ. ಅವನನ್ನು ತೆಗೆಯುವುದೂ ಅಪರೂಪ, ‘ನೀವೇ ರಾಜೀನಾಮೆ ಕೊಟ್ಟುಬಿಡಿ’ ಎನ್ನುತ್ತಾರೆ. ಆಗ ಕೆಲಸ ಹೋಯಿತೋ, ಬಿಟ್ಟನೋ?

ಇದೆಲ್ಲ ಬರೀ ಮನಸ್ಸಿನ ವಿಷಯ, ಯಾಕಿಷ್ಟು ತಲೆಬಿಸಿ ಎನ್ನುವವರು ಬ್ರಿಟನ್ ಸರ್ಕಾರಿ ನೌಕರರ ಮೇಲೆ ನಡೆದ ‘ವೈಟ್‌ಹಾಲ್’ ಅಧ್ಯಯನ ನೋಡಬಹುದು. ಪ್ರಾಪರ್ಟಿ ಸರ್ವಿಸಸ್ ಏಜೆನ್ಸಿ ಎಂಬ ಇಲಾಖೆ ಖಾಸಗಿಯವರ ಪಾಲಾಗಲಿದೆ ಎಂಬ ಸುದ್ದಿ ಹಬ್ಬಿದ ಮೇಲೆ, ಯಾರ ಕೆಲಸವೂ ಇನ್ನೂ ಹೋಗಿರದಿದ್ದರೂ, ಅಲ್ಲಿನವರ ಆರೋಗ್ಯ ಬೇರೆ ಇಲಾಖೆಯವರದಕ್ಕಿಂತ ಕೆಟ್ಟಿತ್ತು. 1995ರಲ್ಲಿ ಪ್ರಕಟವಾದ ಈ ಫಲಿತಾಂಶ ಇಂದಿಗೂ ಉಲ್ಲೇಖವಾಗುತ್ತದೆ.

ಕೆಲಸದಿಂದ ತೆಗೆಯಲು ಕಾನೂನು ಬಿಗಿಯಾಗಿದ್ದಷ್ಟೂ ಜನ ನಿಶ್ಚಿಂತೆಯಿಂದ ಇರುತ್ತಾರೆ ಎಂದು ಯಾರಾದರೂ ಊಹಿಸುತ್ತಾರೆ. ಯುರೋಪಿನ 12 ದೇಶಗಳ ಮಾಹಿತಿ ನೋಡಿದ ಕ್ಲಾರ್ಕ್ ಮತ್ತು ಪೋಸ್ಟೆಲ್-ವಿನೇ 2009ರಲ್ಲಿ ಹೇಳಿದ್ದು ಉಲ್ಟಾ. ಕಾನೂನು ಬಿಗಿಯಾದ ದೇಶಗಳಲ್ಲಿ ಅಭದ್ರತೆಯ ಭಾವನೆ ಹೆಚ್ಚಿತ್ತು, ನಿರುದ್ಯೋಗ ಭತ್ಯೆ ಧಾರಾಳವಾಗಿದ್ದಲ್ಲಿ ಕಡಿಮೆ. ಅಂದರೆ ಬೀಳುವ ಸಾಧ್ಯತೆಗಿಂತ, ಬಿದ್ದರೆ ಎಷ್ಟು ಆಳಕ್ಕೆ ಎಂಬುದೇ ಜನರನ್ನು ಕಾಡುತ್ತದೆ.

ಇದನ್ನು ನಮಗೆ ಯುರೋಪಿನ ಅಂಕಿಅಂಶಕ್ಕಿಂತ ಸ್ಪಷ್ಟವಾಗಿ ತೋರಿಸಿಕೊಟ್ಟವರು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಹೊಲಿಗೆ ಯಂತ್ರ ಬಿಟ್ಟೆದ್ದು ಹೊಸೂರು ರಸ್ತೆಗಿಳಿದರು. ಮುಂದೆ ನಿಂತು ನಡೆಸಿದ ದೊಡ್ಡ ನಾಯಕರು ಯಾರೂ ಇರಲಿಲ್ಲ. 19ರ ಸಂಜೆಯೊಳಗೆ ಸರ್ಕಾರ ಆ ಆದೇಶ ವಾಪಸ್ ಪಡೆಯಿತು. ಅವರಲ್ಲಿ ಯಾರ ಕೆಲಸವೂ ಆ ಆದೇಶದಿಂದ ಹೋಗುತ್ತಿರಲಿಲ್ಲ. ಆದರೆ ಟಾರ್ಗೆಟ್ ಮುಟ್ಟಲಿಲ್ಲವೆಂದು ಸೂಪರ್‌ವೈಸರ್ ಬೈದಾಗ, ಗ್ರಾಚುಯಿಟಿಗೆ ಬೇಕಾದ ಐದು ವರ್ಷ ತುಂಬುವ ಮೊದಲೇ ಹೊರಬೀಳಬೇಕಾದಾಗ, ಕೈಗೆ ಬರುವ ಇಡುಗಂಟು ಎಂದರೆ ಆ ಪಿಎಫ್ ಒಂದೇ. ಮಗಳ ಮದುವೆಗೋ ಸಾಲಕ್ಕೋ ಆ ಹಣ ಬೇಕಾಗಿ ತಾವಾಗಿಯೇ ಕೆಲಸ ಬಿಡುವವರೂ ಇದ್ದಾರೆ. ‘ನಿಮ್ಮ ಕೆಲಸ ಹೋದೀತೇ’ ಎಂದಷ್ಟೇ ಕೇಳಿದ್ದರೆ ‘ಹೋದ್ರೆ ಪಕ್ಕದ ಫ್ಯಾಕ್ಟ್ರೀಲಿ ಸಿಗುತ್ತೆ ಬಿಡಿ’ ಎನ್ನುತ್ತಿದ್ದರೇನೋ. ಭಯವೇ ಇಲ್ಲವೆಂದು ಸಮೀಕ್ಷೆಯವರು ಬರೆದುಕೊಳ್ಳುತ್ತಿದ್ದರು.

ನಮ್ಮ ಸರ್ಕಾರಿ ಸಮೀಕ್ಷೆಗಳು ಅಷ್ಟನ್ನೂ ಕೇಳುವುದಿಲ್ಲ. 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕಾರ್ಮಿಕ ಶಕ್ತಿ ಸಮೀಕ್ಷೆ (ಪಿಎಲ್‌ಎಫ್‌ಎಸ್), ಲಿಖಿತ ಕರಾರು ಇದೆಯೇ, ಸಂಬಳ ಸಹಿತ ರಜೆ ಇದೆಯೇ, ಸಾಮಾಜಿಕ ಭದ್ರತೆ ಇದೆಯೇ ಎಂದು ಕಾಗದಪತ್ರ ಎಣಿಸುತ್ತದೆ. ರಿಸರ್ವ್ ಬ್ಯಾಂಕಿನ ಗ್ರಾಹಕ ವಿಶ್ವಾಸ ಸಮೀಕ್ಷೆ ಬೆಂಗಳೂರಿನವರನ್ನೂ ಕೇಳುತ್ತದೆ, ಆದರೆ ಅದು ಕೇಳುವುದು ಒಟ್ಟಾರೆ ಉದ್ಯೋಗದ ಪರಿಸ್ಥಿತಿ ಸುಧಾರಿಸಿದೆಯೇ, ಹದಗೆಟ್ಟಿದೆಯೇ ಎಂದು. ಊರಿನ ಹವಾಮಾನ ಕೇಳಿ ಮನೆ ಸೋರುತ್ತದೆಯೇ ಎಂದು ಲೆಕ್ಕ ಹಾಕಿದ ಹಾಗೆ.

ಪಿಎಲ್‌ಎಫ್‌ಎಸ್‌ನ ಉದ್ದನೆಯ ಪ್ರಶ್ನಾವಳಿಗೆ ಎರಡೇ ಸಾಲು ಸೇರಿಸಿದರೆ ಸಾಕು. ಬರುವ ವರ್ಷ ಇದೇ ಕೆಲಸದಲ್ಲಿ ಇರುತ್ತೀರಾ, ಹತ್ತಕ್ಕೆ ಎಷ್ಟು? ಇಲ್ಲದೇ ಹೋದರೆ ಎಷ್ಟು ತಿಂಗಳು ಮನೆ ನಡೆಸಬಲ್ಲಿರಿ, ಯಾವುದರಿಂದ? ಎರಡನೆಯದಕ್ಕೆ ಪಿಎಫ್, ಚೀಟಿ, ಒಡವೆ, ತವರುಮನೆ ಎಂದೆಲ್ಲ ಉತ್ತರ ಬರುತ್ತದೆ, ಫಾರಂನಲ್ಲಿ ಜಾಗ ಸ್ವಲ್ಪ ಹೆಚ್ಚೇ ಬಿಡಬೇಕು.